ಎರಡೇ ಸೀಟಿನ ಪಂಪಣ್ಣ ಚಿಗಪ್ಪ

ಪಂಪಣ್ಣ ಚಿಗಪ್ಪನ ಕಾರು ಬಳ್ಳಾರಿಯಲ್ಲೇ ಎಲ್ಲಕ್ಕಿಂತ ಜೋರಾಗಿ ಓಡುವ ಕಾರು. ಆದರೆ ಅದರಲ್ಲಿ ಹೊರಟರೆ ನಾವು ಎಲ್ಲರಿಗಿಂತ ತಡವಾಗಿ ಮುಟ್ಟುತ್ತಿದ್ದೆವು. ಕಾರಣ ಅವನ ತಲೆಯ ರುಮಾಲು. ಟಾಪ್ ಇಲ್ಲದ ಸ್ಪೋರ್ಟ್ಸ್ ಕಾರಿನ ಗಾಳಿಗೆ ರುಮಾಲು ನಿಲ್ಲುವುದಿಲ್ಲ. ಹಾಗಾಗಿ ಹತ್ತಿದ ಕೂಡಲೇ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಬರಿದಲೆಯಲ್ಲಿ ಹಿರಿಯರಿಗೆ ಎದುರಾಗುವುದೂ ಅವನಿಂದ ಆಗದು. ದಾರಿಯಲ್ಲಿ ಯಾರಾದರೂ ದೊಡ್ಡವರು ಕಂಡರೆ ಬ್ರೇಕು ಒತ್ತಿ, ರುಮಾಲು ಇಟ್ಟುಕೊಂಡು, ಕೈಮುಗಿದು, ಕ್ಷೇಮ ವಿಚಾರಿಸಿ, ಅವರು ಹತ್ತು ಹೆಜ್ಜೆ ದೂರ ಹೋದ ಮೇಲೆ ರುಮಾಲು ತೆಗೆದು ಮತ್ತೆ ಹೊರಡಬೇಕು. ಕೌಲ್ ಬಜಾರಿನ ನಮ್ಮ ಮನೆಯಿಂದ ಕಾನ್ವೆಂಟಿನ ಗೇಟಿನವರೆಗೆ ಕಡಿಮೆಯೆಂದರೂ ಆರು ಜನ ದೊಡ್ಡವರು ಸಿಗುತ್ತಿದ್ದರು. ಅಸೆಂಬ್ಲಿಗೆ ನಾನು ಯಾವತ್ತೂ ಲೇಟ್.

"ಚಿಗಪ್ಪಾ, ಸಿಸ್ಟರ್ ಬೈತಾರ," ಅಂದರೆ, "ಬೈದ್ರ ಬೈಲಿ ಬಿಡ. ಅವರೂ ದೊಡ್ಡಾರ ಅಲ್ಲೇನು," ಎಂದು ಗೇಟಿನಲ್ಲಿ ನಿಂತ ಐರಿಷ್ ಸಿಸ್ಟರಿಗೂ ರುಮಾಲು ಇಟ್ಟುಕೊಂಡು ಕೈಮುಗಿಯುತ್ತಿದ್ದ. ಆಕೆ ಕೆಂಪಗಾಗಿ ನನ್ನನ್ನು ಬೈಯುವುದನ್ನೇ ಮರೆಯುತ್ತಿದ್ದಳು.

ಕಂಟೋನ್ಮೆಂಟಿನ ಒಬ್ಬ ಬ್ರಿಟಿಷ್ ಆಫೀಸರ್ ದೇಶ ಬಿಟ್ಟು ಹೊರಟಾಗ ಆ ಕಾರನ್ನು ಮಾರಲಿಟ್ಟಿದ್ದ. ಸುಮ್ಮನೆ ನೋಡಿ ಬರುತ್ತೇನೆಂದು ಹೋದ ಚಿಗಪ್ಪ ಅದನ್ನು ಓಡಿಸಿಕೊಂಡೇ ಬಂದ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ, ನಾಲ್ಕು ಜನರ ಮುಂದೆ ದನಿ ಎತ್ತದ, ಮದುವೆ ಮನೆಗೆ ಹೋದರೆ ಕಂಬದ ಹಿಂದೆ ಜಾಗ ಹುಡುಕುವ ಮನುಷ್ಯ. ಸಚ್ ಎ ಶೈ ಮ್ಯಾನ್. ಅಂಥವನು ಊರಿಗೆಲ್ಲ ಕಾಣುವ ಕಾರು ತಂದದ್ದು ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನನಗಾಗ ಹನ್ನೆರಡು ವರ್ಷ.

ಕಡು ಹಸಿರು ಬಣ್ಣ, ಉದ್ದನೆಯ ಮೂತಿ, ಸೈಕಲ್ಲಿನಂಥ ಕಡ್ಡಿಯ ಗಾಲಿ, ಮೊಣಕೈ ಹೊರಗಿಡಲೆಂದೇ ತಗ್ಗಿಸಿದ ಬಾಗಿಲು. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದಿತ್ತು. ಹಾಗೆ ಮಾಡಿದ ದಿನ ಕಪ್ಪು ಮಣ್ಣಿನ ಎರೆಹೊಲದ ಹಾರುವ ಹುಳಗಳೆಲ್ಲ ನಮ್ಮ ಹಲ್ಲಿಗೇ. ಡಬ್ಬಿಯಲ್ಲಿ ಬರುತ್ತಿದ್ದ ಪೆಟ್ರೋಲನ್ನು ಚಿಗಪ್ಪ ಹಳೆಯ ಧೋತರದ ನಾಲ್ಕು ಮಡಿಕೆಯಲ್ಲಿ ಸೋಸಿ ಹಾಕುತ್ತಿದ್ದ, ಕೂಸಿಗೆ ಹಾಲು ಸೋಸುವವರ ಹಾಗೆ. "ಇದರ ಹೊಟ್ಟಿ ಭಾಳ ನಾಜೂಕು," ಎನ್ನುತ್ತಿದ್ದ. ತೂಕವಂತೂ ಇರಲೇ ಇಲ್ಲ. ಮಳೆ ಬಿದ್ದು ಸಿರುಗುಪ್ಪದ ದಾರಿಯಲ್ಲಿ ಲಾರಿಗಳು ಹೂತರೆ ಎರಡು ದಿನ ಅಲ್ಲೇ ನಿಲ್ಲುತ್ತಿದ್ದವು. ಇದು ಹೂತರೆ ಹೊಲದಿಂದ ನಾಲ್ಕು ಮಂದಿ ಬಂದು ಎತ್ತಿ ದಾರಿಗಿಟ್ಟುಬಿಡುತ್ತಿದ್ದರು. ಹಾಗೆ ಎತ್ತಿದವನೊಬ್ಬ ಕೈ ಒರೆಸಿಕೊಳ್ಳುತ್ತ ಕೇಳಿದ್ದ: "ಸಾವ್ಕಾರ್ರ, ಮನಿಗೆ ಹೋದಮ್ಯಾಲ ಇದನ್ನ ಗೂಟಕ್ಕ ಕಟ್ತೀರೇನ್ರಿ, ಗ್ವಾಡಿ ಮೊಳಿಗೆ ನೇತು ಹಾಕ್ತೀರೇನ್ರಿ?"

ಅದರಲ್ಲಿ ಇದ್ದದ್ದು ಎರಡೇ ಸೀಟು. ಒಂದು ಚಿಗಪ್ಪನದು. ಇನ್ನೊಂದರಲ್ಲಿ ತನ್ನ ಹೆಂಡತಿ, ನಮ್ಮ ನೀಲಮ್ಮ ಚಿಗವ್ವ, ಒಂದು ಸಲವಾದರೂ ಕೂರಬೇಕೆಂಬುದು ಅವನ ಆಸೆ. ಬಾಯಿಬಿಟ್ಟು ಹೇಳಿದವನಲ್ಲ. ಹೊರಡುವಾಗ ಆ ಸೀಟನ್ನು ಒರೆಸಿ, ಆ ಕಡೆಯ ಬಾಗಿಲು ತೆರೆದಿಟ್ಟು, ಪಡಸಾಲೆಯ ಕಡೆ ನೋಡುತ್ತ ಒಂದು ನಿಮಿಷ ನಿಲ್ಲುತ್ತಿದ್ದ. ಚಿಗವ್ವ ಒಳಗಿನಿಂದಲೇ, "ಹುಡುಗಿನ್ನ ಕರ್ಕೊಂಡು ಹೋಗ್ರಿ," ಎನ್ನುತ್ತಿದ್ದಳು. ಅವನು ನನ್ನ ಕಡೆ ತಿರುಗಿ, "ನಡಿ ಕಾನ್ವೆಂಟ್, ಇವತ್ತೂ ನೀನ," ಎನ್ನುತ್ತಿದ್ದ. ನನ್ನ ಹೆಸರು ಹಿಡಿದು ಅವನು ಕರೆದದ್ದೇ ಕಡಿಮೆ.

ಚಿಗವ್ವ ಕೊಡುತ್ತಿದ್ದ ಕಾರಣ ಒಂದೇ. ಅತ್ತೆಯಿರುವ ಮನೆಯ ಸೊಸೆ ಗಂಡನ ಸರಿಸಮ ಕೂರುವುದು ಹೇಗೆ? ಎತ್ತಿನ ಗಾಡಿಯಾದರೆ ಹೆಂಗಸರು ಹಿಂದೆ. ಈ ಕಾರಿಗೆ ಹಿಂದೆ ಎಂಬುದೇ ಇಲ್ಲ. ಒಂದು ದಿನ ನಮ್ಮಜ್ಜಿಗೆ ರೇಗಿತು. "ನಡುವ ನನ್ನ ಹೆಸರ್ಯಾಕ ತರ್ತಿ ನೀಲವ್ವಾ? ತಗಾ, ನಾ ಕಣ್ಣ ಮುಚ್ಚಿಕೊಂತೀನಿ. ಹೋಗಿ ಕುಂದ್ರು." ಹೇಳಿದ ಹಾಗೆ ಅಜ್ಜಿ ಕಣ್ಣು ಮುಚ್ಚಿಯೇ ಕೂತಳು. ಚಿಗವ್ವ ಕಾರಿನ ಕಡೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಹೊತ್ತಿನಲ್ಲಿ ರೊಟ್ಟಿ ಯಾರಿಗೂ ಬೇಕಿರಲಿಲ್ಲ.

ಅವಳ ತವರು ಕುರುಗೋಡು. ತವರಿಗೆ ಹೋಗುವುದಿದ್ದರೆ ಬಸ್ಸಿನಲ್ಲೇ. ಚಿಗಪ್ಪ ಅವಳನ್ನು ಬಸ್ಸು ಹತ್ತಿಸಿ, ಅದರ ಹಿಂದೆಯೇ ಕಾರಿನಲ್ಲಿ, ಅದರ ಧೂಳು ಕುಡಿಯುತ್ತ, ಅದು ನಿಂತಲ್ಲೆಲ್ಲ ನಿಲ್ಲುತ್ತ ಹೋಗುತ್ತಿದ್ದ. ಮುಂದೆ ಹೋಗಿಬಿಡು ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಬಸ್ಸಿನ ಹೆಂಗಸರಿಗೆ ಅದೊಂದು ತಮಾಷೆ. "ಯವ್ವಾ, ನಿಮ್ಮ ಮನಿಯವ್ರು ಇನ್ನೂ ಬೆನ್ನ ಹತ್ಯಾರ ನೋಡ. ತವರುಮನಿಗೆ ಓಡಿ ಹೊಂಟೀಯೇನ?" ಎಂದು ಚಿಗವ್ವನನ್ನು ಕಾಡುತ್ತಿದ್ದರಂತೆ. ಕುರುಗೋಡಿನಲ್ಲಿ ಇಳಿಯುವಾಗ ಅವಳ ಸೀರೆ ಶುಭ್ರ. ನಾವಿಬ್ಬರೂ ಮಣ್ಣಿನ ಗೊಂಬೆಗಳು.

ಕೊನೆಗೆ ಚಿಗಪ್ಪ ಒಂದು ಉಪಾಯ ಹೂಡಿದ. ಜಟಕಾ ಕಟ್ಟುವ ಖಾಜಾ ಸಾಬರನ್ನು ಕರೆಸಿ, ಸೀಟುಗಳ ಹಿಂದೆ ಸಾಮಾನಿಡುವ ಜಾಗದ ಮೇಲೆ ಹಲಗೆ ಹಾಕಿಸಿ, ಜಟಕಾದ್ದೇ ಒಂದು ಗೂಡು ಕೂರಿಸಿದ. ಮೇಲೆ ಕಮಾನು, ಸುತ್ತ ಹೂವಿನ ಪರದೆ. ಇಂಗ್ಲಿಷ್ ಕಾರು ಬಸುರಿ ಬಾತುಕೋಳಿಯ ಹಾಗೆ ಕಂಡಿತು. ಚಿಗವ್ವನಿಗೆ ಇನ್ನು ನೆಪ ಉಳಿಯಲಿಲ್ಲ. ಆಕೆ ಗೂಡು ಹೊಕ್ಕಳು. ನಾನು ಮುಂದಿನ ಸೀಟಿನಲ್ಲಿ. ಹೊರಟದ್ದು ಕುರುಗೋಡಿಗೇ.

ಊರು ಇನ್ನೊಂದು ಮೈಲಿ ಇರುವಾಗ ಒಂದು ಏರು. ಭಾರವೆಲ್ಲ ಹಿಂದೆ, ಮುಂದಿನ ಗಾಲಿಗಳಿಗೆ ನೆಲವೇ ಸರಿಯಾಗಿ ಸಿಗುತ್ತಿಲ್ಲ. ಚಿಗಪ್ಪ ಸ್ಟೀರಿಂಗನ್ನು ಬಲಕ್ಕೆ ತಿರುಗಿಸುತ್ತಲೇ ಇದ್ದ. ಕಾರು ಮಾತ್ರ ತನ್ನ ಪಾಡಿಗೆ ನೆಟ್ಟಗೆ, ಬಹಳ ಮರ್ಯಾದೆಯಿಂದ, ಜೋಳದ ಹೊಲದೊಳಕ್ಕೆ ಇಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಗೂಡು ಒಂದು ಕಡೆ ವಾಲಿತ್ತು, ಪರದೆಯಲ್ಲಿ ಸುತ್ತಿಕೊಂಡ ಚಿಗವ್ವನ ಒಂದು ಕೈ ಮಾತ್ರ ಹೊರಗೆ. ಆಮೇಲೆ ಇದನ್ನು ಕೇಳಿದ ಖಾಜಾ ಸಾಬರು ಗಡ್ಡ ನೀವಿಕೊಂಡು ಹೇಳಿದ್ದಿಷ್ಟು: "ಜಟಕಾದಾಗ ಹಿಂದ ಭಾರ ಆದ್ರ ಮುಂದ ಸರ್ಕೊಳ್ರಿ ಅಂತೀವ್ರಿ. ತಡಿಯಾಕ ಮುಂದ ಕುದುರಿ ಇರ್ತೈತಿ. ಇದಕ್ಕ ಕುದುರಿ ಇಲ್ಲ ಅನ್ನೋದು ನನಗ ಹೊಳೀಲಿಲ್ಲ ನೋಡ್ರಿ."

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಪರದೆ ಬಿಡಿಸಿದಳು. "ಅಲ್ಲಪ್ಪಾ, ಲಗ್ನ ಆದಾಕಿನ್ನ ಗಂಟು ಕಟ್ಟಿ ಹಿಂದ ಹಾಕಿ, ಸಣ್ಣ ಹುಡುಗಿನ್ನ ಬಾಜು ಕುಂದ್ರಿಸಿಕೊಂಡೀಯಲ್ಲ, ಇದ್ಯಾವ ಪದ್ಧತಿ?" ಚಿಗಪ್ಪ ರುಮಾಲು ಹುಡುಕತೊಡಗಿದ.

ಗಂಡಸರು ಕಾರು ಎತ್ತಲು ಸೇರಿದರು. ನಾವು ಮೂವರೂ ಬದುವಿನ ಮೇಲೆ ಕೂತೆವು. ನಾನು ಅಲ್ಲಿರುವುದನ್ನು ಮರೆತವಳಂತೆ ಚಿಗವ್ವ ಮಾತಾಡಿದಳು.

"ಸಿರುಗುಪ್ಪದಾಗ ನಿಮ್ಮ ಗಿರಣಿ ಹೆಂಗಸರು ಏನಂದ್ರು ಗೊತ್ತೇನ್ರಿ? ಮೂರನೇದು ಬರಂಗಿಲ್ಲ ಅಂತ ಸಾವ್ಕಾರ್ರಿಗೆ ಖಾತ್ರಿ ಆಗೇತಿ, ಅದಕ್ಕ ಎರಡ ಸೀಟಿಂದು ತಂದಾರ ಅಂದ್ರು. ನಾ ಅದರಾಗ ಕುಂತು ಬಜಾರದಾಗ ಹೊಂಟ್ರ, ಹೌದು ಅಂತ ನಾನ ಡಂಗುರ ಸಾರಿದಂಗ."

ಅವರಿಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಚಿಗಪ್ಪ ಎರೆಮಣ್ಣಿನ ಹೆಂಟೆಯೊಂದನ್ನು ಕೈಯಲ್ಲೇ ಪುಡಿ ಮಾಡಿದ. ಆಮೇಲೆ, "ನಾ ಸೀಟು ಎಣಿಸಿದ್ದಿಲ್ಲ ನೀಲಾ," ಅಂದ. "ಕಾರು ಕೊಟ್ಟ ದೊರಿ ಬಾಗಲಾ ತಗದು ತೋರಿಸಿದ. ಇದು ನಂದು, ಅದು ನಿಂದು ಅನಿಸ್ತು. ಅಷ್ಟ."

ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೊಂದೇ ಸಲ. ಆ ಕಾಲದಲ್ಲಿ ಗಂಡಂದಿರು ಮೂರನೆಯವರ ಮುಂದೆ ಹಾಗೆ ಕರೆಯುತ್ತಿರಲಿಲ್ಲ.

"ಮತ್ತ ಈ ಗೂಡು ಯಾಕ ಕಟ್ಟಿಸಿದ್ರಿ?"

"ಹಿಂದ ಜಾಗ ಇಲ್ಲ ಅಂದಾಕಿ ನೀನ ಅಲ್ಲೇನು?"

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಗತೊಡಗಿದಳು. ಗೂಡನ್ನು ಬಿಚ್ಚಿ ಅದೇ ಮುದುಕಿಗೆ ಕೊಟ್ಟಳು, ಕೋಳಿ ಮುಚ್ಚಲಿಕ್ಕೆ. ನನ್ನನ್ನು ಹಿಂದಿನ ಸಾಮಾನಿನ ಜಾಗದಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ, ತುರುಕಿದಳು. ಆಮೇಲೆ ತಾನೇ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಕುರುಗೋಡಿನ ಅಗಸಿ ಬಾಗಿಲಲ್ಲಿ ಬಹಳ ವರ್ಷಕ್ಕೆ ಸಿಕ್ಕ ಹೆಂಗಸೊಬ್ಬಳು ನನ್ನ ಕಡೆ ನೋಡಿ, "ಮಗಳೇನ ನೀಲವ್ವಾ?" ಎಂದು ಕೇಳಿದಾಗ, "ಹೂಂ, ನಮ್ಮಾಕಿ," ಅಂದಳು.

ಮುಂದಿನ ನಾಲ್ಕು ವರ್ಷ ಅವರಿಬ್ಬರೂ ಜೊತೆಯಾಗಿ ಹೋದಲ್ಲೆಲ್ಲ ಹಿಂದೆ ನಾನು. ನನಗದು ಟ್ರೀಟ್ ಎಂದುಕೊಂಡಿದ್ದೆ. ಚಿಗವ್ವ ನಾನಿಲ್ಲದೆ ಕಾರು ಹತ್ತುವುದಿಲ್ಲ ಎಂದು ಗಮನಿಸುವಷ್ಟು ದೊಡ್ಡವಳಾದಾಗ ನನ್ನ ಮದುವೆ ಗೊತ್ತಾಗಿತ್ತು. ಗಂಡನ ಮನೆ ಮದರಾಸು. ಸ್ಟೇಷನ್ನಿಗೆ ನನ್ನನ್ನು ಕಾರಿನಲ್ಲೇ ತಂದರು. ಪಟ್ಟೆಸೀರೆಯುಟ್ಟ ಮದುಮಗಳು ಸಾಮಾನಿನ ಜಾಗದಲ್ಲಿ. ರೈಲು ಹೊರಟಾಗ ಚಿಗಪ್ಪ, "ಚೊಲೋತ್ನಾಗಿ ಇರು ಕಾನ್ವೆಂಟ್," ಅಂದ. ಚಿಗವ್ವ ಕಿಟಕಿಯ ಸರಳಿನೊಳಗಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಇನ್ನು ಅವಳು ಮನೆಗೆ ಹೇಗೆ ಹೋಗುತ್ತಾಳೆ? ಜಟಕಾ ಮಾಡಿಕೊಳ್ಳುತ್ತಾಳೋ, ಕಾರು ಹತ್ತುತ್ತಾಳೋ? ಗುಂತಕಲ್ಲಿನವರೆಗೂ ನಾನು ಯೋಚಿಸಿದ್ದು ಪಕ್ಕದಲ್ಲಿ ಕೂತ ಹೊಸ ಗಂಡನನ್ನಲ್ಲ, ಇದನ್ನೇ.

ಚಿಗಪ್ಪನನ್ನು ಮತ್ತೆ ನೋಡಲಾಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ. ನನಗೆ ಏಳು ತಿಂಗಳು, ಪ್ರಯಾಣ ಬೇಡವೆಂದರು. ಅವನು ನನಗೆ ಬರೆದದ್ದು ಒಂದೇ ಕಾಗದ. ಮದರಾಸಿಗೆ ಬಂದ ಎರಡನೆಯ ತಿಂಗಳು ಬಂದದ್ದು. ಗಿರಣಿಯ ಹಾಳೆಯಲ್ಲಿ, ಅವನ ಮಾತಿನಂತೆಯೇ ಗಿಡ್ಡ ಗಿಡ್ಡ ವಾಕ್ಯಗಳು.

"ಚಿರಂಜೀವಿ ಕಾನ್ವೆಂಟಿಗೆ ಆಶೀರ್ವಾದ. ನಾವು ಕ್ಷೇಮ. ನಿನ್ನೆ ಸಂತೆಯ ದಿನ ಸಿರುಗುಪ್ಪಕ್ಕೆ ಕಾರಿನಲ್ಲಿ ಹೋಗಿ ಬಂದೆವು, ನಿಮ್ಮ ಚಿಗವ್ವ ಮತ್ತು ನಾನು. ಗಿರಣಿಯ ಹೆಂಗಸರು ಎಲ್ಲರೂ ಹೊರಗೆ ಬಂದು ನೋಡಿದರು. ನಾನು ಬೇಗ ಹೋಗೋಣ ಅಂದೆ. ಆಕೆ ಅವರ ಮುಂದೆಯೇ ಕಾರು ನಿಲ್ಲಿಸಿ ಅಂದಳು. ಬದನೆಕಾಯಿ ಕೊಂಡಳು. ಕೆಳಗೆ ಇಳಿಯಲಿಲ್ಲ. ಕೂತಲ್ಲಿಂದಲೇ ಚೌಕಾಸಿ ಮಾಡಿದಳು, ಒಂದು ತಾಸು."