ಬದು ಹರಗಿದ ಶಟ್ಟೆಪ್ಪ

ಸವದತ್ತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಶಟ್ಟೆಪ್ಪ. ಸಿರಸಂಗಿಯ ಒಕ್ಕಲುತನದ ಮನೆಯವನು, ಕುಂಟೆ ಹಿಡಿದ ಕೈಯಲ್ಲೇ ಸ್ಕ್ರೂಡ್ರೈವರ್ ಹಿಡಿದವನು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಸತ್ತೇ ಹೋದಂತಿದ್ದ ಲ್ಯಾಪ್‌ಟಾಪು ತಂದಿಟ್ಟರೂ "ಜೀವ ಐತಿ ಬಿಡ್ರಿ, ನಿದ್ದಿ ಹತ್ತೇತಿ ಅಷ್ಟ" ಎನ್ನುವನು. ಆ ಮಾತು ಕೇಳುವುದಕ್ಕೇ ಅರ್ಧ ಜನ ಬರುತ್ತಿದ್ದರು.

ಅಂಗಡಿ ಹಾಕಿದ ಹೊಸತರಲ್ಲಿ ಅವನಿಗೊಂದು ಚಟವಿತ್ತು. ಯಾರೇ ಹೊಸ ಲ್ಯಾಪ್‌ಟಾಪು ತಂದರೂ ಮೊದಲು ಅದರ ಒಳಗಿನ ಜಾಗ ನೋಡುವನು. ಸಿ ಡ್ರೈವು, ಡಿ ಡ್ರೈವುಗಳ ಆಚೆ ಹೆಸರಿಲ್ಲದ ಒಂದು ಪಟ್ಟಿ ಸುಮ್ಮನೆ ಬಿದ್ದಿರುತ್ತಿತ್ತು. ರೈತನ ಮಗನ ಕಣ್ಣು, ಬೀಳು ನೆಲ ಕಂಡರೆ ಸುಮ್ಮನಿರುತ್ತದೆಯೇ? "ಬದುವಿನಂಗ ದಂಡ ಬಿದ್ದೈತಿ ನೋಡ್ರಿ, ಹರಗಿ ಹೊಲಕ್ಕ ಕೂಡಿಸಿಬಿಡತೇನಿ" ಎಂದು ಅದನ್ನು ಅಳಿಸಿ ಡಿ ಡ್ರೈವಿಗೆ ಸೇರಿಸಿಬಿಡುವನು. ಜಾಗ ಹೆಚ್ಚಾಯಿತೆಂದು ಗಿರಾಕಿಗಳೂ ಖುಷಿ, ಅವನೂ ಖುಷಿ.

ಯಂತ್ರ ಕೆಟ್ಟಾಗ ಮೊದಲಿನಂತೆ ಮಾಡಿಕೊಳ್ಳಲೆಂದು, ಬೇರೆ ಡಿಸ್ಕು ಕೊಡುವ ಬದಲು, ಕಂಪನಿಯವರು ಇಡೀ ವಿಂಡೋಸನ್ನೇ ಆ ಪಟ್ಟಿಯಲ್ಲಿ ಅಡಗಿಸಿಟ್ಟಿರುತ್ತಾರೆ ಎಂಬುದು ಅವನಿಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಹರಗುವುದನ್ನು ಬಿಟ್ಟ. ಆದರೆ ಹರಗಿದ್ದನ್ನು ಯಾರಿಗೂ ಹೇಳಲಿಲ್ಲ.

ಹಾಗೆ ಹರಗಿದ್ದರಲ್ಲಿ ಮಹಾನಂದಾಳ ಲ್ಯಾಪ್‌ಟಾಪೂ ಒಂದು. ಮಹಾನಂದಾ ಅವನ ಊರಿನವಳೇ, ಒಂದೇ ಓಣಿಯಲ್ಲಿ ಬೆಳೆದ ಅಕ್ಕ. ಪಡಸಾಲೆಯಲ್ಲಿ ಕಸೂತಿ ಮಷೀನು ಇಟ್ಟುಕೊಂಡು ಮದುಮಕ್ಕಳ ಕುಬುಸಗಳಿಗೆ ನವಿಲು, ಗೋಪುರ ಹಾಕಿಕೊಡುವಳು. ಮಷೀನಿಗೆ ನಕ್ಷೆ ಹೋಗುವುದು ಆ ಲ್ಯಾಪ್‌ಟಾಪಿನಿಂದ. ಎರಡೂ ಹಳೆಯವು. ಲ್ಯಾಪ್‌ಟಾಪಿಗೆ ಹೊಸ ಕಾಲದ ವಿಂಡೋಸ್ ಹಾಕಿದರೆ ಮಷೀನು ಕೈಕಟ್ಟಿ ಕೂಡುತ್ತಿತ್ತು.

ಲಗ್ನದ ದಿನಗಳು ಹತ್ತಿರ ಬಂದಾಗ ಲ್ಯಾಪ್‌ಟಾಪು ಕೈಕೊಟ್ಟಿತು. ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಕೂಸಿನಂತೆ ಸುತ್ತಿಕೊಂಡು ಮಹಾನಂದಾ ಬಸ್ಸು ಹತ್ತಿ ಸವದತ್ತಿಗೆ ಬಂದಳು. ಅಂಗಡಿಯಲ್ಲಿ ಮಂದಿ ಇದ್ದರು. ಎದುರಿನ ಚಹಾದಂಗಡಿಯ ಹನುಮಪ್ಪ ಕಪ್ಪು ಕೊಡಲು ಬಂದವನು ಬಾಗಿಲಿಗೆ ಒರಗಿ ನಿಂತಿದ್ದ.

"ತಮ್ಮಾ ಶಟ್ಟೆಪ್ಪ, ನೀಲಿ ಪರದೆ ಬಂದು ನಿಂತಬಿಡತೈತಿ. ಇದ್ದ ವಿಂಡೋಸನ್ನ ಮತ್ತ ಹಾಕಿಕೊಡೋ. ಮಾರುವಾಗ ಅಂಗಡ್ಯಾಂವ ಹೇಳಿದ್ದ, ಡಿಸ್ಕ್ ಬ್ಯಾಡ, ಇದರ ಔಷಧ ಇದರ ಹೊಟ್ಟ್ಯಾಗ ಐತಿ ಅಂತ."

ಆ ಔಷಧ ಹರಗಿ ಹಾಕಿದ ಕೈ ಶಟ್ಟೆಪ್ಪನದೇ. ಅವನು ಲ್ಯಾಪ್‌ಟಾಪನ್ನು ಬೋರಲು ಹಾಕಿದ. ಅಡಿಯಲ್ಲಿ ಕಂಪನಿಯ ಚೀಟಿ ಅಂಟಿತ್ತು, ಅದರ ಮೇಲಿನ ಅಕ್ಷರ ಒಂದೂ ಉಳಿದಿರಲಿಲ್ಲ. ವರ್ಷ ವರ್ಷ ದಸರೆಯ ಖಂಡೇಪೂಜೆಗೆ ಭಂಡಾರದ ಅರಿಸಿನ, ಕುಂಕುಮ ಹಚ್ಚಿ, ಮರುದಿನ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಅದು ಬರಿ ಹಳದಿ ತುಂಡಾಗಿತ್ತು.

ಅಡ್ಡದಾರಿ ಸಿಕ್ಕಿತು. ಅವನು ಅದನ್ನೇ ಹಿಡಿದ.

"ಏನ್ರಿ ಅಕ್ಕಾ ಇದು! ಇಲ್ಲಿ ವಿಂಡೋಸ್ ಹಾಕಾಕ ಬೇಕಾದ ಕೀಲಿ ಅಕ್ಷರ ಇದ್ದವು. ಪೂಜಿ ಮಾಡಿ ಮಾಡಿ ಅಳಿಸಿ ಇಟ್ಟೀರಿ. ಕೀಲಿ ಇಲ್ದ ಮನಿ ಬಾಗಲಾ ನಾ ಹೆಂಗ ತಗೀಲಿ?"

ಹನುಮಪ್ಪನಿಗೆ ಅಷ್ಟೇ ಸಾಕಾಯಿತು. "ಕಂಪ್ಯೂಟರಿಗೆ ಭಂಡಾರ! ಉಡೀನೂ ತುಂಬಿದ್ಯೇನ ಯವ್ವಾ ಅದಕ್ಕ?"

ಇದ್ದವರೆಲ್ಲ ಹೋ ಎಂದು ನಕ್ಕರು. ಮಹಾನಂದಾ ಸೆರಗನ್ನು ಮುಂದಕ್ಕೆಳೆದುಕೊಂಡಳು. "ದುಡಿಯೂ ಸಾಮಾನಲ್ಲಾ ಅಂತ ಹಚ್ಚತಿದ್ನೆಪಾ. ನನಗ ಗೊತ್ತಾಗಲಿಲ್ಲ. ತಪ್ಪು ನಂದ ಐತಿ." ಲ್ಯಾಪ್‌ಟಾಪನ್ನು ಮತ್ತೆ ಸುತ್ತಿಕೊಂಡು, ನಗುವವರ ನಡುವೆ ದಾರಿ ಮಾಡಿಕೊಂಡು ಬಸ್ಸಿಗೆ ನಡೆದಳು.

ಬದು ಬದುವಾಗಿಯೇ ಇದ್ದಿದ್ದರೆ ಆ ಅಕ್ಷರಗಳ ಹಂಗೇ ಇರಲಿಲ್ಲ. ಒಳಗಿನ ವಿಂಡೋಸ್ ಕೀಲಿ ಕೇಳದೆ ಎದ್ದು ಕೂಡುತ್ತಿತ್ತು. ಇದು ಅಂಗಡಿಯಲ್ಲಿ ಗೊತ್ತಿದ್ದದ್ದು ಒಬ್ಬನಿಗೇ.

ಆಮೇಲೆ ಹನುಮಪ್ಪ ಬಂದ ಬಂದವರಿಗೆಲ್ಲ ಭಂಡಾರದ ಲ್ಯಾಪ್‌ಟಾಪಿನ ಕಥೆಯನ್ನು ಚಹಾದ ಜೊತೆ ಬಡಿಸತೊಡಗಿದ. ಎದುರಿನಿಂದ ನಗು ಕೇಳಿದಾಗೆಲ್ಲ ಶಟ್ಟೆಪ್ಪನಿಗೆ ಕುತ್ತಿಗೆ ಎತ್ತಲಾಗುತ್ತಿರಲಿಲ್ಲ. ಗಿರಾಕಿ ಬಂದು "ಜೀವ ಐತೇನ್ರಿ ಇದಕ್ಕ?" ಎಂದರೆ 'ನೋಡೂಣ್ರಿ' ಎಂದಷ್ಟೇ ಹೇಳಿ ಸ್ಕ್ರೂ ಬಿಚ್ಚುವನು.

ಕೊನೆಗೆ ಕಿತ್ತೂರಿಗೆ ಹೋದ. ಅಲ್ಲಿ ತ್ರ್ಯಂಬಕ ಮಾಸ್ತರರ ಮನೆಯಲ್ಲಿ ಅದೇ ಕಂಪನಿಯ ಅದೇ ಮಾದರಿಯ ಲ್ಯಾಪ್‌ಟಾಪು ಇತ್ತು. ಹಿಂದೆ ಅದರ ಬದು ಹರಗಲು ಹೋದಾಗ "ಬ್ಯಾಡಪಾ, ಕಂಪನಿಯವರು ಇಟ್ಟದ್ದು ಇರಲಿ" ಎಂದು ಅವರು ತಡೆದಿದ್ದರು. ಈಗ ಮಹಾನಂದಾಳ ಲ್ಯಾಪ್‌ಟಾಪಿಗೆ ಬೇಕೆಂದು ಹೇಳಿ, ಆ ಪಟ್ಟಿಯಿಂದ ಪೆನ್ ಡ್ರೈವಿಗೆ ವಿಂಡೋಸ್ ಇಳಿಸಿಕೊಳ್ಳುತ್ತ ಕುಳಿತಾಗ ಮಾಸ್ತರರು ಕೇಳಿದರು, "ಯಾಕೋ, ಆಕಿದರಾಗ ಇರಲಿಲ್ಲೇನು?"

"ಇತ್ತ್ರಿ" ಎಂದ ಶಟ್ಟೆಪ್ಪ. ಮತ್ತೆ ಪರದೆಯ ಕಡೆ ತಿರುಗಿದ.

ಸಿರಸಂಗಿಗೆ ಹೋದಾಗ ಅವನ ಎಣಿಕೆ ಒಂದೇ. ರಿಪೇರಿ ಮಾಡುವುದು, ಸದ್ದಿಲ್ಲದೆ ಬರುವುದು. ಮಹಾನಂದಾ ಪಡಸಾಲೆಯಲ್ಲಿ ಕುಳಿತು ಕಸೂತಿ ಮಷೀನಿನ ಸಂದುಗಳಿಂದ ಕುಂಕುಮವನ್ನು ಪಿನ್ನಿನ ತುದಿಯಿಂದ ಕೆದರಿ ತೆಗೆಯುತ್ತಿದ್ದಳು.

"ಬಾ ತಮ್ಮಾ. ಇದಕ್ಕೂ ಎಲ್ಲೆರ ಕೀಲಿ ಇದ್ದೀತು ಅಂತ ತಗ್ಯಾಕತ್ತೀನಿ. ಇನ್ನ ಮ್ಯಾಲೆ ದೂರದಿಂದನ ಕೈ ಮುಗೀತೇನಿ."

ಅವನು ಕೆಲಸಕ್ಕೆ ಕುಳಿತ. ಪೆನ್ ಡ್ರೈವು ಚುಚ್ಚಿದ, ಹಳೆಯ ವಿಂಡೋಸ್ ನಿಧಾನಕ್ಕೆ ಒಳಗೆ ಇಳಿಯಿತು. ಕೀಲಿ ಕೇಳಲಿಲ್ಲ. ಮಷೀನಿನ ಸಿಡಿ ಮನೆಯಲ್ಲೇ ಇತ್ತು, ಅದನ್ನೂ ಹಾಕಿದ. ಸೂಜಿ ಟಕಟಕ ಎಂದು ಓಡತೊಡಗಿ, ಹಸಿರು ಬಟ್ಟೆಯ ಮೇಲೆ ನವಿಲಿನ ಕೊರಳು ಮೂಡಿತು. ಮಹಾನಂದಾಳ ಕಣ್ಣು ತುಂಬಿ ಬಂದವು.

"ದೇವರಂಗ ಬಂದಿ ನೋಡು. ಅಳಿಸಿದ ಕೀಲಿ ಎಲ್ಲಿ ಸಿಕ್ತೋ ನಿನಗ?"

'ಹುಡುಕಿದೆ ಅಕ್ಕಾ' ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವಳು ಪಿನ್ನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

"ಕೀಲಿ ಬೇಕಾಗೇ ಇರಲಿಲ್ಲ ಅಕ್ಕಾ" ಎಂದ. "ಔಷಧ ಒಳಗ ಇತ್ತು. ಜಾಗ ಹೆಚ್ಚ ಮಾಡತೇನಿ ಅಂತ ನಾನ ಅಳಿಸಿದ್ನಿ. ನಿಮ್ಮ ಪೂಜಿಯಿಂದ ಏನೂ ಆಗಿಲ್ರಿ."

ಸೂಜಿ ತನ್ನ ಪಾಡಿಗೆ ಓಡುತ್ತಿತ್ತು. ಅವಳು ಪಿನ್ನನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಅವತ್ತ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ಗೊತ್ತಿದ್ದೂ ಅಷ್ಟ ಮಂದ್ಯಾಗ ನನ್ನ ನಗಿಗೀಡ ಮಾಡಿದಿ." ದನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು. "ಇಲ್ಲಿ ಹೇಳಿದ್ದು ನನಗೊಬ್ಬಾಕಿಗೆ ಕೇಳಿಸ್ತು. ಸಂತಿ ದಿನಾ ಅಂಗಡಿಗೆ ಬರತೇನಿ. ಅಲ್ಲಿ ಹೇಳು."

ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹನುಮಪ್ಪ ಚಹಾ ಹಿಡಿದು ಬಂದವನು ಅವಳನ್ನು ಕಂಡು "ಏನ ಯವ್ವಾ, ಈ ಸಲ ಎಣ್ಣಿಸ್ನಾನಾ ಮಾಡಿಸಿ ತಂದಿಯೇನು?" ಎಂದ. ಸಂತೆಯ ಮಂದಿ ಆಗಲೇ ನಗಲು ಶುರುಮಾಡಿದ್ದರು.

ಶಟ್ಟೆಪ್ಪ ಎದ್ದು ನಿಂತ. "ನಗಬ್ಯಾಡ್ರಿ ಕಾಕಾ. ಅಕ್ಕಾರದೇನೂ ತಪ್ಪಿಲ್ಲ. ಕೆಡಿಸಿದಾಂವ ನಾನು. ನನ್ನ ತಪ್ಪ ಮುಚ್ಚಗೋಳಾಕ ಅಕ್ಕಾರ ಮ್ಯಾಲೆ ಹಾಕಿದ್ನಿ" ಎಂದು ಬದು ಹರಗಿದ್ದನ್ನೆಲ್ಲ ಬಿಡಿಸಿ ಹೇಳಿದ.

ನಗು ನಿಂತಿತು. ಹನುಮಪ್ಪ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

"ಅಲ್ಲೋ ಶಟ್ಟೆಪ್ಪ, ನನ್ನ ಮಗಳದಕ್ಕೂ ಜಾಗಾ ಕೂಡಿಸಿಕೊಟ್ಟಿದ್ದೆಲ್ಲಾ?"

"ಹೂಂ ಕಾಕಾ. ಅದನ್ನೂ ಹರಗೀನಿ."

"ನಮ್ಮದು?" ಎಂದಿತು ಹಿಂದಿನಿಂದ ಇನ್ನೊಂದು ದನಿ.

"ನಿಮ್ಮದೂ ರಿ."

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾತ ರಿಪೇರಿಗೆ ಕೊಟ್ಟಿದ್ದ ಲ್ಯಾಪ್‌ಟಾಪನ್ನು ಮೇಜಿನಿಂದ ಎತ್ತಿ ಬಗಲಲ್ಲಿಟ್ಟುಕೊಂಡ. ಶಟ್ಟೆಪ್ಪನ ಕೈ ತಾನಾಗಿಯೇ ಮೇಲಕ್ಕೆ, ಶಟರಿನ ಕೊಕ್ಕೆಗೆ ಹೋಯಿತು.

"ಶಟರ್ ಎಳೀಬ್ಯಾಡ" ಎಂದಳು ಮಹಾನಂದಾ, ಕುಳಿತಲ್ಲಿಂದಲೇ. "ನಾ ಅವತ್ತ ಇವರೆಲ್ಲಾರ ನಡುವ ಬಸ್ಸಿನ ತನಕಾ ನಡಕೊಂಡ ಹೋಗೀನಿ. ನೀ ಕುಂದ್ರು. ಕೇಳೋರು ಕೇಳಲಿ, ಹೇಳು."

ಶಟ್ಟೆಪ್ಪ ಕೊಕ್ಕೆ ಬಿಟ್ಟು ಕುಳಿತ. ಬಾಗಿಲಲ್ಲಿ ನಿಂತವರು ತಮ್ಮ ತಮ್ಮದರ ಬಗ್ಗೆ ಕೇಳಲು ಒಬ್ಬೊಬ್ಬರಾಗಿ ಒಳಗೆ ಬಂದರು.