ಗೋಧಿ ಹಾಲಿಗೆ ಕೊಟ್ಟ ಸೊನ್ನೆ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಉಡುಪಿ ಕಡೆಯವಳು, ಮನೆ ಮುಂಬೈ ಪಕ್ಕದ ಠಾಣೆಯ ಮಾಜಿವಾಡಾದಲ್ಲಿ. ಹರಿದ ಹಳೆಯ ಪುಸ್ತಕ, ಕಾಗದಪತ್ರಗಳನ್ನು ದುರಸ್ತಿ ಮಾಡುವುದು ನನ್ನ ಹೊಟ್ಟೆಪಾಡು. ಶನಿವಾರ ವಾಶಿಯಲ್ಲಿ ಅದೇ ವಿದ್ಯೆಯ ಕ್ಲಾಸು ತೆಗೆದುಕೊಳ್ಳುತ್ತೇನೆ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಹಿಂದಿಯಲ್ಲಿ. ಕಲಿಯಲು ಬರುವವರಲ್ಲಿ ಮರಾಠಿ, ಗುಜರಾತಿ, ಮಲಯಾಳಿ ಎಲ್ಲರೂ ಇರುತ್ತಾರೆ. ಯಾರು ಎಲ್ಲಿಂದಲೇ ಬರಲಿ, ನಾನು ಹೇಳಿದ ಕ್ರಮ ಬಿಟ್ಟು ಆಚೀಚೆ ಹೋಗಬಾರದು ಅನ್ನುವುದು ಆಗ ನನ್ನ ಹಟ.

ಕಳೆದ ವರ್ಷದ ಬ್ಯಾಚಿಗೆ ವಿಜಯಪುರದ ಕಡೆಯ ಹೆಂಗಸೊಬ್ಬರು ಸೇರಿದರು. ಕಲ್ಯಾಣದಲ್ಲಿ ಮನೆ, ಗಂಡನಿಗೆ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಕೆಲಸ. ನಮ್ಮಲ್ಲಿ ಪಾಸಾದರೆ ಸಂಗ್ರಹಾಲಯವೊಂದು ಅವರನ್ನು ತನ್ನ ದುರಸ್ತಿ ಕೋಣೆಗೆ ತೆಗೆದುಕೊಳ್ಳಲು ಒಪ್ಪಿತ್ತು. ಐವತ್ತರ ಹತ್ತಿರ ಬಂದು ಸಿಗಲಿದ್ದ ಮೊದಲ ನೌಕರಿ ಅದು. ಇಂಗ್ಲಿಷ್ ಪಾಠವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು, ಪಾಪ.

ಕೊನೆಯ ಪರೀಕ್ಷೆಗೆ ಎಲ್ಲರೂ ಮನೆಯಲ್ಲೇ ಅಂಟು ಮಾಡಿ ತರಬೇಕಿತ್ತು. ಪಾಕೀಟಿನಲ್ಲಿ ಬರುವ ಗೋಧಿ ಪಿಷ್ಟವನ್ನು ನೀರಿನಲ್ಲಿ ಕುದಿಸಿದರೆ ಮುಗಿಯಿತು. ಇವರ ಪರೀಕ್ಷೆಯ ಪುಸ್ತಕ ತೆರೆದು ನೋಡುತ್ತೇನೆ, ಏನೇನು ಹಾಕಿದ್ದೀರಿ ಎಂಬ ಪ್ರಶ್ನೆಗೆ ಉತ್ತರ: "ಗೋಧಿ ಹಾಲು."

ನನಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ಕಾಗದಕ್ಕೆ ಹಾಲೇ? ಇರುವೆ, ಬೂಸ್ಟು, ಹುಳ ಎಲ್ಲಕ್ಕೂ ಊಟ ಹಾಕಿದ ಹಾಗೆ! ಬಟ್ಟಲು ಮೂಸಿದರೆ ಸಣ್ಣಗೆ ಹುಳಿ ವಾಸನೆ ಬೇರೆ. ಒಡೆದ ಹಾಲು ಎಂದು ಆಗಲೇ ತೀರ್ಮಾನಿಸಿದೆ.

"ಹಾಲ ಹಾಕಿಲ್ರೀ ಮೇಡಮ್," ಎಂದರು ಅವರು.

"ಮತ್ತೆ ಇಲ್ಲಿ ಬರೆದದ್ದು ಯಾರು, ನಾನಾ?"

ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ. ಆ ಸೊನ್ನೆಯೊಂದಿಗೆ ಪಾಸಾಗುವ ಮಾತೇ ಇರಲಿಲ್ಲ. ಮುಂದಿನ ಶನಿವಾರ ಫಲಿತಾಂಶದ ಪಟ್ಟಿ ಕಳುಹಿಸುವುದಿತ್ತು. ಅವರು ಬಟ್ಟಲಿಗೆ ಮುಚ್ಚಳ ಹಾಕಿ ಚೀಲಕ್ಕಿಟ್ಟುಕೊಂಡರು.

ಸಂಜೆ ಠಾಣೆಯ ಲೋಕಲ್‌ನಲ್ಲಿ ಅವರ ಪಕ್ಕದಲ್ಲೇ ನನಗೆ ಸೀಟು ಸಿಗಬೇಕೆ! ಮುಖ ತಿರುಗಿಸಿ ಕೂತೆ. ಐರೋಳಿ ಸ್ಟೇಷನ್ ಬರುವ ಹೊತ್ತಿಗೆ ಅವರು ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ಒಳಗೆ ಎಣ್ಣೆಯಲ್ಲಿ ಕರಿದ, ಬೆಳ್ಳಗಿನ ಎಳೆಎಳೆಯ ಸಂಡಿಗೆ.

"ತಿನ್ರೀ. ಮುಂಜಾನಿಂದ ಒದರಿ ಒದರಿ ಗಂಟಲ ಒಣಗಿರಬೇಕು."

ನಗು ತಡೆಯಲಾಗಲಿಲ್ಲ. ಒಂದು ಬಾಯಿಗೆ ಹಾಕಿಕೊಂಡೆ, ಹಗುರಾಗಿ ಕರಗಿಹೋಯಿತು. "ಎಂತ ಇದು? ಯಾವುದರಲ್ಲಿ ಮಾಡಿದ್ದು?"

"ಕುರಡಿಗಿರೀ. ಗೋಧಿ ಹಾಲಿಂದು."

"ಗೋಧಿ ಹಾಲಾ?" ಎಂದು ಅವರತ್ತ ಪೂರ್ತಿ ತಿರುಗಿದೆ.

"ಗೋಧಿ ಮೂರು ದಿನ, ಸಣ್ಣಗ ಹುಳಿ ಬರೂತನಕ ನೆನಿ ಹಾಕಿ, ರುಬ್ಬಿ, ಹಿಂಡಿ ಹಾಲು ತಗೀತೀವ್ರೀ. ಜಿಗಟೆಲ್ಲಾ ಸೋಸೋ ಅರಬ್ಯಾಗ ಉಳೀತೈತಿ, ಹಾಲು ತಳಕ್ಕ ಕೂಡ್ತೈತಿ. ಮ್ಯಾಲಿನ ತಿಳಿ ಚೆಲ್ಲಿಬಿಡೋದು. ಕಾಗದಕ್ಕಂತ ಕುದಿಸಿ ತಂದದ್ದೂ ಅದ."

"ಅಂದ್ರೆ ದನದ ಹಾಲು ಅಲ್ವಾ ಅದು?"

"ಅಯ್ಯ ಶಿವನ! ಕಾಗದಕ್ಕಂತ ಯಾರರ ಎಮ್ಮಿ ಹಿಂಡ್ತಾರೇನ್ರೀ?"

ಎರಡು ಪದಗಳ ನಡುವೆ ಇಲ್ಲದ ಅಲ್ಪವಿರಾಮವೊಂದನ್ನು ನಾನೇ ಹಾಕಿ ಓದಿದ್ದೆ. ದಿನಾ ಕಾಯಿ ಹಾಲು ಹಿಂಡುವ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟೂ ಹೊಳೆಯಬಾರದೆ! ಪಾಕೀಟಿನಲ್ಲಿ ಬರುವುದೂ ಹೀಗೆ ಜಿಗುಟು ತೆಗೆದ ಗೋಧಿಯೇ. ನಾನು ಪುಸ್ತಕ ಓದಿ ಕಲಿತದ್ದನ್ನು ಇವರು ಮಾಳಿಗೆಯ ಬಿಸಿಲಿನಲ್ಲಿ ಅತ್ತೆಯ ಜೊತೆ ಕೂತು ಕಲಿತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಕ್ಲಾಸಲ್ಲೇ ಹೇಳ್ಬಹುದಿತ್ತಲ್ಲ ನೀವು?"

"ನೀವು ಎಲ್ಲಿ ಬಾಯಿ ಬಿಡಾಕ ಬಿಟ್ರಿ?"

ಮುಂದಿನ ಶನಿವಾರ ಅವರು ಹೊಸದಾಗಿ ಅಂಟು ಮಾಡಿ ತಂದರು. ಒಂದೇ ಹಳೆಯ ಹಾಳೆಯ ಎರಡು ಹರಕುಗಳಿಗೆ ಒಂದು ಕಡೆ ನನ್ನ ಪಾಕೀಟಿನದು, ಇನ್ನೊಂದು ಕಡೆ ಅವರದು ಹಚ್ಚಿ ಒಣಗಿಸಿದೆವು. ನನ್ನದು ಅಂಚಿನಲ್ಲಿ ತುಸು ಮುದುಡಿತ್ತು. ಅವರದು ಎಲ್ಲಿ ಅಂಟಿಸಿದ್ದು ಎಂದು ಬೆರಳಿಗೆ ತಿಳಿಯಲಿಲ್ಲ. ಎಂಥ ಕೈ ಅದು! ಇಷ್ಟು ವರ್ಷ ಈ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡ ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಪಕ್ಕದಲ್ಲಿದ್ದ ಮರಾಠಿ ಹುಡುಗಿ "ನಮ್ಮ ಆಜಿಯೂ ಹೀಗೇ ಮಾಡುತ್ತಾಳೆ" ಎಂದು ಮರಾಠಿಯಲ್ಲಿ ಕೂಗಿದಳು. ಆವತ್ತು ಇಂಗ್ಲಿಷ್ ಬದಿಗಿಟ್ಟು ಅವರಿಂದಲೇ ಪಾಠ ಹೇಳಿಸಿದೆ.

ಕೊನೆಗೆ ಎಲ್ಲರೆದುರು ತಪ್ಪೊಪ್ಪಿಕೊಂಡು, ಪುಸ್ತಕದ ಸೊನ್ನೆಯನ್ನು ಕೆರೆದು ತೆಗೆಯಲು ಬ್ಲೇಡು ಹಿಡಿದೆ. ಅವರು ತಟ್ಟನೆ ನನ್ನ ಕೈ ಹಿಡಿದುಕೊಂಡರು.

"ಕೆರೀಬ್ಯಾಡ್ರೀ ಮೇಡಮ್. ಹಿಂದಿನವರು ಬರದದ್ದು ತಪ್ಪಿದ್ರೂ ಅಳಿಸಬಾರದು, ಬಾಜೂಕ ಬರೀಬೇಕು ಅಂತ ನೀವ ಕಲಿಸೀರಿ."

ಬ್ಲೇಡು ಕೆಳಗಿಟ್ಟೆ. ಸೊನ್ನೆಯ ಪಕ್ಕದಲ್ಲಿ, "ಪಾಸು. ತಪ್ಪು ಓದಿದವಳು ಟೀಚರು" ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿದೆ.