ಪದ್ಮಯ್ಯನ ಅಲ್ಲಾಡುವ ಹಲ್ಲು

ಕಬಕದ ರವೂಫನ ಕೋಳಿ ಅಂಗಡಿಗೆ ಭಾನುವಾರ ಮೊದಲು ಬರುವವರು ಪದ್ಮಯ್ಯ. ಬಂದವರು ಮೊದಲು ಬೈಯುವುದು ಬ್ರಾಯ್ಲರನ್ನು. “ಇದೆಂತ ಕೋಳಿ ಮಾರಾಯ, ಹತ್ತಿಯ ಹಾಗೆ! ಊರಕೋಳಿ ಆಗ್ಬೇಕು, ಎರಡು ಗಂಟೆ ಬೇಯ್ಬೇಕು” ಎನ್ನುತ್ತಲೇ ಒಂದೂವರೆ ಕಿಲೋ ಬ್ರಾಯ್ಲರ್ ಹೇಳುತ್ತಾರೆ. “ಮನೆಯಲ್ಲೇ ಹನ್ನೆರಡು ಊರಕೋಳಿ ಉಂಟಲ್ಲ?” ಎಂದು ರವೂಫ್ ಕೆಣಕಿದರೆ, “ಎಂತ ಮಾಡುದು, ನನ್ನ ಹಲ್ಲು ಅಲ್ಲಾಡ್ತದೆ. ಇದಾದ್ರೆ ಅರ್ಧ ಗಂಟೆಯಲ್ಲಿ ಬೆಂದು ಎಲ್ಲರೂ ಒಟ್ಟಿಗೆ ಕೋರಿರೊಟ್ಟಿ ಊಟಕ್ಕೆ ಕೂರ್ಬಹುದು” ಎಂದು ಒಣ ಅಡಿಕೆಯನ್ನು ಕಟಕ್ಕನೆ ಕಡಿಯುತ್ತಾರೆ. ಆ ಹಲ್ಲಿನ ಮೇಲೆ ರವೂಫನಿಗೆ ಮೊದಲಿನಿಂದಲೂ ಸಂಶಯ. ಈ ವಾರ ಹೊರಗೆ ರಿಕ್ಷಾದಲ್ಲಿ ಕುಳಿತಿದ್ದ ಹೆಂಡತಿ ಶೀಲಾವತಿ ಇದೇ ಮಾತಿಗೆ ನಕ್ಕು, ಹಲ್ಲಿಲ್ಲದ ಬರೀ ಒಸಡು ಕಂಡೀತೆಂದು ತಟ್ಟನೆ ಸೆರಗು ಅಡ್ಡ ಹಿಡಿದರು. ಅದನ್ನು ಕಂಡ ರವೂಫ್ ಕತ್ತಿ ಎತ್ತಿಕೊಂಡು, ರಿಕ್ಷಾಕ್ಕೂ ಕೇಳುವಷ್ಟು ಜೋರಾಗಿ ಕೇಳಿದ: “ಪದ್ಮಯ್ಯಣ್ಣ, ನಿಮ್ಮ ಹಲ್ಲಿಗೆ ಪೀಸ್ ಇನ್ನೂ ಸಣ್ಣ ಮಾಡುದಾ?”